ಎರಡು ಚಕ್ರವೋ, ನಾಲ್ಕು ಚಕ್ರವೋ? ಟ್ರ್ಯಾಕ್ಟರ್ ಟ್ರೇಲರ್ ಖರೀದಿಗೆ ಮುನ್ನ

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಜೊತೆಗೆ ಟ್ರ್ಯಾಕ್ಟರ್‌ಗಳ ಸಂಚಾರವನ್ನೂ ನಿಷೇಧಿಸಲಾಯಿತು. ಹಿಂದೆ ಟ್ರೇಲರ್ ಇರಲಿ, ಇಲ್ಲದಿರಲಿ, ಟ್ರ್ಯಾಕ್ಟರ್ ಮುಖ್ಯ ಪಥವನ್ನು ಏರುವಂತಿಲ್ಲ. ಬಿಡದಿಯಿಂದ ಚನ್ನಪಟ್ಟಣದವರೆಗೆ ತೆಂಗು, ಮಾವು, ಹುಲ್ಲು, ಇಟ್ಟಿಗೆ, ಜಲ್ಲಿ ಮುಂತಾದ ಸರಕನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸುವವರೆಲ್ಲರೂ ಅಂದಿನಿಂದ ಸೇವಾ ರಸ್ತೆಯನ್ನೋ ಪಟ್ಟಣಗಳ ನಡುವೆ ಹಾದುಹೋಗುವ ಹಳೆಯ ಮೈಸೂರು ರಸ್ತೆಯನ್ನೋ ಆಶ್ರಯಿಸಬೇಕಾಗಿದೆ. ಈ ದಾರಿಗಳಲ್ಲಿ ಉಬ್ಬುಗಳಿವೆ, ಕೆಳಸೇತುವೆಗಳ ಬಳಿ ಬಿಗಿಯಾದ ತಿರುವುಗಳಿವೆ, ಪೇಟೆಯ ಜನಸಂದಣಿಯಿದೆ. ಹೆದ್ದಾರಿಯ ನೇರ ಓಟಕ್ಕೆ ಹೊಂದುತ್ತಿದ್ದ ಟ್ರೇಲರ್ ಈ ದಾರಿಗೂ ಹೊಂದುತ್ತದೆ ಎನ್ನುವಂತಿಲ್ಲ. ಹೊಸ ಟ್ರೇಲರ್ ಕೊಳ್ಳುವವರ ಮುಂದಿರುವ ಹಳೆಯ ಪ್ರಶ್ನೆಗೆ ಹೀಗಾಗಿ ಹೊಸ ತೂಕ ಬಂದಿದೆ: ಒಂದೇ ಅಚ್ಚಿನ ಎರಡು ಚಕ್ರದ ಟ್ರೇಲರ್ ಕೊಳ್ಳಬೇಕೇ, ಎರಡು ಅಚ್ಚಿನ ನಾಲ್ಕು ಚಕ್ರದ್ದನ್ನು ಕೊಳ್ಳಬೇಕೇ?

2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿಕೊಂಡ ಈ ಪ್ರದೇಶದಲ್ಲಿ ನೆಲದ ಸ್ವರೂಪ ಎಲ್ಲೆಡೆ ಒಂದೇ ತೆರನಾಗಿಲ್ಲ. ಚನ್ನಪಟ್ಟಣದ ಕೆರೆ ಬಯಲುಗಳು, ಕಣ್ವ ಜಲಾಶಯದ ಅಚ್ಚುಕಟ್ಟು, ಮದ್ದೂರಿನ ಕಡೆಗೆ ಹೋಗುವ ದಾರಿ ಬಹುಮಟ್ಟಿಗೆ ಸಮತಟ್ಟು. ಸಾವನದುರ್ಗ, ಮಂಚನಬೆಲೆಗಳ ಸುತ್ತಲಿನ ಮಾಗಡಿ ಸೀಮೆ, ಸಾತನೂರಿನಿಂದ ಸಂಗಮದತ್ತ ಇಳಿಯುವ ಕನಕಪುರದ ಭಾಗ, ರಾಮನಗರದ ಬಂಡೆಗಳ ನಡುವಿನ ಹಳ್ಳಿಗಳು ಏರುತಗ್ಗಿನವು. ಒಂದು ತಾಲ್ಲೂಕಿನಲ್ಲಿ ಲಾಭ ತಂದ ಟ್ರೇಲರ್ ನೆರೆಯ ತಾಲ್ಲೂಕಿನಲ್ಲಿ ನಷ್ಟಕ್ಕೆ, ಕೆಲವೊಮ್ಮೆ ಪ್ರಾಣಹಾನಿಗೂ ಕಾರಣವಾಗಬಹುದು. ಆದರೂ ಬಹುಪಾಲು ಖರೀದಿಗಳು ಚಕ್ರಗಳ ಎಣಿಕೆಯ ಮೇಲೆಯೇ ತೀರ್ಮಾನವಾಗುತ್ತಿರುವುದು ವಿಷಾದದ ಸಂಗತಿ. ಚಕ್ರ ಹೆಚ್ಚಿದ್ದರೆ ಹೊರೆ ಹೆಚ್ಚು, ಹೊರೆ ಹೆಚ್ಚಿದ್ದರೆ ಸಂಪಾದನೆ ಹೆಚ್ಚು ಎಂಬುದು ಸಾಮಾನ್ಯ ಎಣಿಕೆ. ಈ ಎಣಿಕೆಯಲ್ಲಿ ಟ್ರ್ಯಾಕ್ಟರ್ ಲೆಕ್ಕಕ್ಕೇ ಬಂದಿರುವುದಿಲ್ಲ.

ಎತ್ತಿನ ಗಾಡಿಯ ಪಾಠ

ಒಂದೇ ಅಚ್ಚಿನ ಗಾಡಿಯ ಗುಣದೋಷಗಳನ್ನು ಈ ಸೀಮೆಯ ರೈತರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಎತ್ತಿನ ಗಾಡಿಗೆ ಸರಕು ತುಂಬುವಾಗ ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಅನುಭವಸ್ಥರು ಗಾಡಿ ತುಂಬಿದ ಬಳಿಕ ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ತುಸು ಮುಂಭಾರ ಉಳಿದಿದೆ ಎಂದು ಖಚಿತವಾದ ಮೇಲೆಯೇ ಎತ್ತು ಕಟ್ಟುತ್ತಿದ್ದರು. ಎರಡು ಚಕ್ರದ ಟ್ರೇಲರ್ ಇದೇ ಗಾಡಿಯ ಇಂದಿನ ರೂಪ. ಅದರ ಹೊರೆಯ ಒಂದು ಪಾಲು ಅಚ್ಚಿನ ಮೇಲೆಯೂ ಉಳಿದ ಪಾಲು ಟ್ರ್ಯಾಕ್ಟರ್‌ನ ಹಿಂಬದಿಯ ಕೊಕ್ಕೆಯ ಮೇಲೆಯೂ ಕೂರುತ್ತದೆ. ವ್ಯತ್ಯಾಸವಿಷ್ಟೆ: ಎತ್ತು ಭಾರ ತಾಳದೆ ನಿಂತುಬಿಡುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ.

ಲೆಕ್ಕವೊಂದನ್ನು ನೋಡಬಹುದು. ಟ್ರೇಲರ್ ಮತ್ತು ಸರಕು ಸೇರಿ 4,000 ಕೆ.ಜಿ. ಇದೆ ಎನ್ನೋಣ. ಕೊಕ್ಕೆಯಿಂದ ಅಚ್ಚಿಗೆ 3 ಮೀಟರ್ ದೂರ. ಒಟ್ಟು ಭಾರದ ಕೇಂದ್ರ ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದರೆ ಕೊಕ್ಕೆಯ ಮೇಲೆ ಬೀಳುವ ಭಾರ 400 ಕೆ.ಜಿ. ಇದು ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿದು ಎಳೆತಕ್ಕೆ ನೆರವಾಗುತ್ತದೆ. ಸರಕನ್ನು ಹಿಂದಕ್ಕೆ ಹೇರಿ ಭಾರದ ಕೇಂದ್ರ ಅದೇ 30 ಸೆಂ.ಮೀ. ಸರಿದರೆ ಕೊಕ್ಕೆಯ ಭಾರ ಸೊನ್ನೆ. ಇನ್ನೂ 15 ಸೆಂ.ಮೀ. ಸರಿದರೆ ಕೊಕ್ಕೆ 200 ಕೆ.ಜಿ. ಬಲದಿಂದ ಮೇಲಕ್ಕೆ ಎಳೆಯಲ್ಪಡುತ್ತದೆ; ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳ ಹಿಡಿತ ಅಷ್ಟರಮಟ್ಟಿಗೆ ಕಳೆದುಹೋಗುತ್ತದೆ. ಒಂದೂವರೆ ಅಡಿಯಷ್ಟು ಹೇರಿಕೆಯ ವ್ಯತ್ಯಾಸ ಎಳೆಯುವ ಯಂತ್ರದ ಸ್ವಭಾವವನ್ನೇ ಬದಲಿಸಿಬಿಡುತ್ತದೆ.

ಮಾಗಡಿ ಮತ್ತು ರಾಮನಗರದ ಕಡೆಯ ಕಲ್ಲುಕಂಬಗಳ ಸಾಗಣೆಯಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಟ್ರೇಲರ್‌ನ ಪೆಟ್ಟಿಗೆಗಿಂತ ಉದ್ದವಾದ ಕಂಬಗಳನ್ನು ಹಿಂಬಾಗಿಲು ತೆರೆದು ಹೊರಚಾಚುವಂತೆ ಹೇರಿದಾಗ ಭಾರ ಹಿಂದಕ್ಕೆ ಜಾರುತ್ತದೆ. ರಾಗಿ ಹುಲ್ಲಿನದು ಇನ್ನೊಂದು ಬಗೆ: ತೂಕ ಕಡಿಮೆ, ಎತ್ತರ ಹೆಚ್ಚು. ಸಮನೆಲದಲ್ಲಿ ಸರಿಯಾಗಿಯೇ ಇದ್ದ ಹೇರಿಕೆ ಏರಿನಲ್ಲಿ ಹಿಂಭಾರವಾಗುತ್ತದೆ. ಭಾರದ ಕೇಂದ್ರ ಅಚ್ಚಿಗಿಂತ 1.2 ಮೀಟರ್ ಎತ್ತರದಲ್ಲಿದ್ದು ಹತ್ತಕ್ಕೆ ಒಂದರಷ್ಟು ಏರಿದ್ದರೆ, ಭಾರ ಸುಮಾರು 12 ಸೆಂ.ಮೀ. ಹಿಂದೆ ಸರಿದಂತೆಯೇ ಸರಿ. ಸಮನೆಲದಲ್ಲಿದ್ದ ಮುಂಭಾರದ ಉಳಿಕೆ ಸಾಕಷ್ಟಿಲ್ಲದಿದ್ದರೆ ಏರಿನ ನಡುವೆ ಅದು ಕರಗಿಹೋಗುತ್ತದೆ.

ಹಾಗೆಂದು ಭಾರವನ್ನೆಲ್ಲ ಮುಂದಕ್ಕೆ ತಳ್ಳುವುದೂ ಅಪಾಯಕರ. ಕೊಕ್ಕೆ ಟ್ರ್ಯಾಕ್ಟರ್‌ನ ಹಿಂದಿನ ಅಚ್ಚಿಗಿಂತ ಹಿಂದಿರುವುದರಿಂದ ಅಲ್ಲಿ ಬೀಳುವ ಭಾರ ತಕ್ಕಡಿಯಂತೆ ಕೆಲಸಮಾಡಿ ಮುಂದಿನ ಚಕ್ರಗಳನ್ನು ಹಗುರಗೊಳಿಸುತ್ತದೆ. ಕೊಕ್ಕೆ 60 ಸೆಂ.ಮೀ. ಹಿಂದಿದ್ದು, ಟ್ರ್ಯಾಕ್ಟರ್‌ನ ಎರಡು ಅಚ್ಚುಗಳ ನಡುವೆ 1.9 ಮೀಟರ್ ಅಂತರವಿದ್ದರೆ, 400 ಕೆ.ಜಿ. ಕೊಕ್ಕೆಭಾರಕ್ಕೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 125 ಕೆ.ಜಿ. ಇಳಿಯುತ್ತದೆ, 900 ಕೆ.ಜಿ.ಗೆ ಸುಮಾರು 285 ಕೆ.ಜಿ. ಇಳಿಯುತ್ತದೆ. ಇದರ ಜೊತೆಗೆ ಏರು ಮತ್ತು ಎಳೆತದ ಸೆಳೆತ ಸೇರಿದರೆ ಚುಕ್ಕಾಣಿ ಚಕ್ರಗಳು ನೆಲವನ್ನು ಬಿಡುವ ಹಂತಕ್ಕೆ ಬರುತ್ತವೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕರು ಅಡಿಗೆ ಸಿಕ್ಕುವ ಅಪಘಾತಗಳ ಮೂಲ ಇಲ್ಲಿದೆ. ಕೊಂಡಿಯನ್ನು ತಯಾರಕರು ನೀಡಿದ ಸ್ಥಾನಕ್ಕಿಂತ ಮೇಲೆ ಕಟ್ಟುವುದು ಈ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮುಂಭಾಗಕ್ಕೆ ಭಾರದ ತಟ್ಟೆಗಳನ್ನು ಜೋಡಿಸಿಕೊಳ್ಳುವುದು ಅಗ್ಗದ ಪರಿಹಾರ. ಉಳುಮೆಗೆ ಬೇಡವೆಂದು ಅವನ್ನು ಕಳಚಿ ಕೊಟ್ಟಿಗೆಯಲ್ಲಿ ಇಟ್ಟವರು ಸಾಗಣೆಯ ಕಾಲಕ್ಕೆ ಮತ್ತೆ ಹಾಕುವುದನ್ನು ಮರೆಯುತ್ತಾರೆ.

ಹೊರದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪ್ರವಾಸಿ ಕ್ಯಾರವಾನ್‌ಗಳ ವಿಷಯದಲ್ಲಿಯೂ ಇದೇ ಚರ್ಚೆ ದಶಕಗಳಿಂದ ನಡೆದುಬಂದಿದೆ. ಬ್ರಿಟನ್ನಿನಲ್ಲಿ ಕ್ಯಾರವಾನ್‌ನ ಒಟ್ಟು ತೂಕದ ಶೇ 5ರಿಂದ 7ರಷ್ಟು ಕೊಕ್ಕೆಯ ಮೇಲೆ ಇರಬೇಕೆಂಬುದು ರೂಢಿಯ ಸೂತ್ರ. ಅಲ್ಲಿ ಒಂಟಿ ಅಚ್ಚಿನದನ್ನು ಕೈಯಲ್ಲೇ ತಳ್ಳಿ ತಿರುಗಿಸಬಹುದೆಂಬ ಕಾರಣಕ್ಕೂ ಜೋಡಿ ಅಚ್ಚಿನದು ವೇಗದಲ್ಲಿ ಹೊಯ್ದಾಡದೆ ಸಾಗುತ್ತದೆ, ಒಂದು ಟೈರು ಒಡೆದರೂ ವಾಲುವುದಿಲ್ಲವೆಂಬ ಕಾರಣಕ್ಕೂ ಕೊಳ್ಳುತ್ತಾರೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಆ ಸೂತ್ರವನ್ನು ಹಾಗೆಯೇ ತರಲಾಗದು. ಕಾರಿಗಿಂತ ಟ್ರ್ಯಾಕ್ಟರ್ ಹೆಚ್ಚು ಕೊಕ್ಕೆಭಾರವನ್ನು ತಾಳುತ್ತದೆ, ಕೆಸರಿನಲ್ಲಿ ಅದನ್ನು ಬೇಡುತ್ತದೆ ಕೂಡ. ತತ್ವ ಮಾತ್ರ ಒಂದೇ.

ನಾಲ್ಕು ಚಕ್ರ ಎಂದರೆ ಎಲ್ಲವೂ ಒಂದೇ ಅಲ್ಲ

ಮಾರುಕಟ್ಟೆಯಲ್ಲಿ ನಾಲ್ಕು ಚಕ್ರದ ಟ್ರೇಲರ್ ಎಂದು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಎರಡು ಬಗೆಗಳಿವೆ. ಇವೆರಡರ ಭೇದವನ್ನು ಅರಿಯದೆ ಮುಂಗಡ ಕೊಡುವುದು ತರವಲ್ಲ.

ಮೊದಲನೆಯದು, ಮುಂದೊಂದು ಹಿಂದೊಂದು ಅಚ್ಚಿದ್ದು ಮುಂದಿನ ಅಚ್ಚು ಟರ್ನ್‌ಟೇಬಲ್ ಎಂಬ ತಿರುಗುಬಳೆಯ ಮೇಲೆ ಹೊರಳುವಂಥದು. ಮಂಡ್ಯ ಜಿಲ್ಲೆಯ ಕಬ್ಬಿನ ಸಾಗಣೆಯಲ್ಲಿ ಕಾಣುವುದು ಬಹುಮಟ್ಟಿಗೆ ಇದೇ. ಇದು ತನ್ನ ಹೊರೆಯನ್ನು ಪೂರ್ತಿಯಾಗಿ ತಾನೇ ಹೊರುತ್ತದೆ. ಟ್ರ್ಯಾಕ್ಟರ್‌ನ ಮೇಲೆ ಭಾರ ಹೇರುವುದಿಲ್ಲ. ಮುಂಭಾರ, ಹಿಂಭಾರದ ಗೊಂದಲವಿಲ್ಲ. ಮುಂದಿನ ಚಕ್ರಗಳು ಹಗುರವಾಗುವ ಭಯವೂ ಕಡಿಮೆ. ಆದರೆ ಈ ಗುಣವೇ ಕೆಸರಿನಲ್ಲಿ ದೋಷವಾಗುತ್ತದೆ. ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುವ ಕೊಕ್ಕೆಭಾರ ಇಲ್ಲದ ಕಾರಣ ಮಳೆ ಬಿದ್ದ ಹೊಲದಿಂದ ರಸ್ತೆಗೆ ಏರುವ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಲ್ಲೇ ಚಕ್ರ ಸುತ್ತುತ್ತದೆ. ಇನ್ನು ಹಿಂದಕ್ಕೆ ಓಡಿಸುವುದು. ಎರಡು ಚಕ್ರದ ಟ್ರೇಲರ್‌ನಲ್ಲಿ ಮುರಿಯುವ ಕೀಲು ಒಂದು. ಇದರಲ್ಲಿ ಕೊಕ್ಕೆಯ ಬಳಿ ಒಂದು, ತಿರುಗುಬಳೆಯ ಬಳಿ ಇನ್ನೊಂದು. ಎಷ್ಟೇ ನುರಿತ ಚಾಲಕರಾದರೂ ಇದನ್ನು ಕಿರಿದಾದ ತೋಟದ ದಾರಿಯಲ್ಲಿ ನಾಲ್ಕು ಮಾರು ಹಿಂದಕ್ಕೆ ತಳ್ಳಲು ಬೆವರಬೇಕಾಗುತ್ತದೆ.

ಎರಡನೆಯ ಬಗೆಯಲ್ಲಿ ಎರಡೂ ಅಚ್ಚುಗಳು ಪೆಟ್ಟಿಗೆಯ ಮಧ್ಯಭಾಗದ ಹಿಂದೆ ಅಕ್ಕಪಕ್ಕದಲ್ಲಿರುತ್ತವೆ. ಇದನ್ನು ಜೋಡಿ ಅಚ್ಚು ಅಥವಾ ಟ್ಯಾಂಡಮ್ ಎನ್ನುವರು. ಸ್ವಭಾವದಲ್ಲಿ ಇದು ಎರಡು ಚಕ್ರದ ಟ್ರೇಲರ್‌ನ ಅಣ್ಣ: ಕೊಕ್ಕೆಯ ಮೇಲೆ ಭಾರ ಹೇರುತ್ತದೆ, ಹಿಂದಕ್ಕೆ ಸುಲಭವಾಗಿ ಹೋಗುತ್ತದೆ, ಹೆಚ್ಚು ಹೊರೆ ತಾಳುತ್ತದೆ. ಒಂದು ಟೈರು ಒಡೆದರೆ ಉಳಿದವು ಟ್ರೇಲರನ್ನು ಎತ್ತಿ ಹಿಡಿಯುತ್ತವೆ. ದೋಷವಿರುವುದು ತಿರುವಿನಲ್ಲಿ. ಎರಡು ಅಚ್ಚುಗಳು ಒಂದೇ ದಿಕ್ಕಿಗೆ ಬಿಗಿದಿರುವುದರಿಂದ ಬಿಗಿ ತಿರುವಿನಲ್ಲಿ ಟೈರುಗಳು ಉರುಳುವ ಬದಲು ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತವೆ. ಕಲ್ಲುಗಣಿಯ ಅಂಗಳದಲ್ಲಿ, ಇಟ್ಟಿಗೆ ಗೂಡಿನ ಬಳಿ ದಿನಕ್ಕೆ ಹತ್ತಾರು ಸಲ ತಿರುಗುವ ಟ್ರೇಲರ್‌ನಲ್ಲಿ ಟೈರುಗಳು ಬೇಗ ಸವೆಯುವುದು ಇದರಿಂದಲೇ.

ಜೋಡಿ ಅಚ್ಚಿನದನ್ನು ಕೊಳ್ಳುವವರು ಮೊದಲು ಬಗ್ಗಿ ನೋಡಬೇಕಾದ್ದು ಎರಡು ಅಚ್ಚುಗಳ ನಡುವಿನ ಕಮಾನು ಪಟ್ಟಿಗಳ ಜೋಡಣೆಯನ್ನು. ಭಾರವನ್ನು ಎರಡಕ್ಕೂ ಸಮನಾಗಿ ಹಂಚುವ ತೂಗುಕೀಲು ಅಲ್ಲಿರಬೇಕು. ಅದಿಲ್ಲದೆ ಎರಡು ಅಚ್ಚುಗಳನ್ನು ಚಾಸಿಗೆ ನೇರವಾಗಿ ಬಿಗಿದಿದ್ದರೆ ರಸ್ತೆ ಉಬ್ಬು ಏರುವಾಗ ಮುಂದಿನ ಅಚ್ಚು ಎದ್ದು, ಹಿಂದಿನದು ಗಾಳಿಯಲ್ಲಿ ತೇಲಿ, ಕ್ಷಣಕಾಲ ಪೂರ್ತಿ ಹೊರೆ ಒಂದೇ ಅಚ್ಚಿನ ಮೇಲೆ ಬೀಳುತ್ತದೆ. ಎರಡು ಅಚ್ಚಿನ ಬೆಲೆ ತೆತ್ತು ಒಂದು ಅಚ್ಚಿನ ಬಲ ಪಡೆದಂತಾಗುತ್ತದೆ. ಸೇವಾ ರಸ್ತೆಯಲ್ಲಿ ಉಬ್ಬುಗಳಿಗೆ ಬರವಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಎರಡು ಅಚ್ಚುಗಳು ಸೇರಿದರೆ ಹೊರುವ ಶಕ್ತಿ ಎರಡರಷ್ಟಾಗುತ್ತದೆ ಎಂಬ ನಂಬಿಕೆಗೆ ಕಾನೂನಿನ ಮನ್ನಣೆಯೂ ಇಲ್ಲ. ಸರಕು ವಾಹನಗಳಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿರುವ ಮಿತಿಯನ್ನೇ ನೋಡಬಹುದು. ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದ ಮಿತಿಯನ್ನು 2018ರ ಜುಲೈನಲ್ಲಿ 11.5 ಟನ್‌ಗೂ, ಎಂಟು ಟೈರಿನ ಜೋಡಿ ಅಚ್ಚಿಗೆ 19 ಟನ್ ಇದ್ದುದನ್ನು 21 ಟನ್‌ಗೂ ಏರಿಸಲಾಯಿತು. ಎರಡು ಒಂಟಿ ಅಚ್ಚುಗಳ ಲೆಕ್ಕದಲ್ಲಿ 23 ಟನ್ ಆಗಬೇಕಿತ್ತು. ಜೋಡಿಗೆ ಸಿಕ್ಕಿದ್ದು 21. ಹತ್ತಿರದಲ್ಲಿರುವ ಅಚ್ಚುಗಳ ಭಾರ ಸೇತುವೆ ಮತ್ತು ರಸ್ತೆಯ ಒಂದೇ ಭಾಗದ ಮೇಲೆ ಬೀಳುವುದರಿಂದ ಈ ಕಡಿತ.

ರಸ್ತೆಯ ದೃಷ್ಟಿಯಿಂದ ಮಾತ್ರ ಹೆಚ್ಚು ಅಚ್ಚು ಒಳ್ಳೆಯದೇ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಅದೇ ಹೊರೆಯನ್ನು ಎರಡು ಅಚ್ಚುಗಳಿಗೆ ಹಂಚಿದರೆ ಒಟ್ಟು ಹಾನಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ತಮ್ಮ ಊರಿನ ಡಾಂಬರು ಒಂದೇ ಮಳೆಗಾಲಕ್ಕೆ ಕಿತ್ತುಬಂತೆಂದು ದೂರುವವರಲ್ಲಿ ಎರಡು ಚಕ್ರದ ಟ್ರೇಲರ್‌ಗೆ ಸೈಜುಗಲ್ಲನ್ನು ಅಂಚಿನವರೆಗೆ ತುಂಬಿ ಓಡಿಸುವವರೂ ಇದ್ದಾರೆ.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ

ನಲವತ್ತೈದು ಅಶ್ವಶಕ್ತಿಯ ಟ್ರ್ಯಾಕ್ಟರ್ ಸಮನೆಲದಲ್ಲಿ ಆರೇಳು ಟನ್‌ಗಳನ್ನು ಎಳೆದುಬಿಡುತ್ತದೆ. ಎಳೆಯಿತೆಂಬ ಮಾತ್ರಕ್ಕೆ ಅದು ಆ ಟ್ರ್ಯಾಕ್ಟರ್‌ಗೆ ತಕ್ಕ ಹೊರೆ ಎಂದು ತೀರ್ಮಾನಿಸುವುದು ಬಹು ದೊಡ್ಡ ತಪ್ಪು. ಹಳ್ಳಿಗಾಡಿನ ಅನೇಕ ಟ್ರೇಲರ್‌ಗಳಿಗೆ ಸ್ವಂತ ಬ್ರೇಕು ಇರುವುದಿಲ್ಲ. ಇದ್ದರೂ ಕೆಲಸಮಾಡುವ ಸ್ಥಿತಿಯಲ್ಲಿರುವುದಿಲ್ಲ. ಎರಡು ಟನ್ನಿನ ಟ್ರ್ಯಾಕ್ಟರ್‌ನ ಹಿಂದಿನ ಎರಡು ಚಕ್ರಗಳೇ ಇಡೀ ಸರಪಳಿಯನ್ನು ನಿಲ್ಲಿಸಬೇಕು. ಎರಡು ಚಕ್ರದ ಟ್ರೇಲರ್ ಕೊಕ್ಕೆಯ ಮೇಲೆ ಭಾರ ಹೇರಿ ಆ ಚಕ್ರಗಳ ಹಿಡಿತವನ್ನು ಹೆಚ್ಚಿಸುವುದರಿಂದ ನಿಲ್ಲಿಸಲು ಒಂದಿಷ್ಟು ಸಹಾಯವಾದರೂ ಆಗುತ್ತದೆ. ತಿರುಗುಬಳೆಯ ನಾಲ್ಕು ಚಕ್ರದ ಟ್ರೇಲರ್ ಹಿಂದಿನಿಂದ ತಳ್ಳುವ ಕೆಲಸವನ್ನಷ್ಟೇ ಮಾಡುತ್ತದೆ. ಸಾತನೂರಿನಾಚೆಯ ಇಳಿಜಾರುಗಳಲ್ಲಿ ಅಥವಾ ಸಾವನದುರ್ಗದ ತಪ್ಪಲಿನ ತಿರುವುಗಳಲ್ಲಿ ಹೀಗೆ ತಳ್ಳಿಸಿಕೊಂಡ ಟ್ರ್ಯಾಕ್ಟರ್ ಕತ್ತರಿಯಂತೆ ಮಡಿಚಿಕೊಂಡು ರಸ್ತೆಗೆ ಅಡ್ಡವಾಗುತ್ತದೆ.

ಆದ್ದರಿಂದ ಏರುತಗ್ಗಿನ ಸೀಮೆಯಲ್ಲಿ ನಾಲ್ಕು ಚಕ್ರದ ಟ್ರೇಲರ್ ಬೇಕೇಬೇಕು ಎನ್ನುವವರು ಅದಕ್ಕೆ ಸ್ವಂತ ಬ್ರೇಕು ಇದೆಯೇ, ಅದನ್ನು ತಮ್ಮ ಟ್ರ್ಯಾಕ್ಟರ್‌ಗೆ ಜೋಡಿಸಲು ಬರುತ್ತದೆಯೇ ಎಂಬುದನ್ನು ಬೆಲೆಗಿಂತ ಮೊದಲು ವಿಚಾರಿಸಬೇಕು. ಇಳಿಜಾರಿಗೆ ಮೊದಲೇ ತಗ್ಗಿನ ಗೇರಿಗೆ ಬರುವುದು, ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಚಪಲವನ್ನು ತೊರೆಯುವುದು ಚಾಲಕರ ಕೈಯಲ್ಲಿದೆ. ಹೊಲದಲ್ಲಿ ಬಿಗಿ ತಿರುವಿಗೆಂದು ಬಿಡಿಬಿಡಿಯಾಗಿಟ್ಟ ಎಡಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬಂದಾಗ ಕೊಂಡಿ ಹಾಕಿ ಒಂದುಗೂಡಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಮರೆತವರು ಒಂದೇ ಪೆಡಲ್ ತುಳಿದಾಗ ಹಿಂದಿನ ಹೊರೆ ಟ್ರ್ಯಾಕ್ಟರನ್ನು ಸುತ್ತಿ ಎಸೆಯುತ್ತದೆ.

ವ್ಯವಹಾರದ ಲೆಕ್ಕ

ಖರ್ಚಿನ ಬಾಬಿನಲ್ಲಿ ಎರಡು ಚಕ್ರದ ಟ್ರೇಲರ್‌ಗೆ ಎದುರಿಲ್ಲ. ಎರಡು ಟೈರು, ಎರಡು ಹಬ್, ಹಬ್‌ಗೆ ಎರಡರಂತೆ ನಾಲ್ಕು ಬೇರಿಂಗ್. ನಾಲ್ಕು ಚಕ್ರದ್ದರಲ್ಲಿ ಇವೆಲ್ಲವೂ ಇಮ್ಮಡಿ; ತಿರುಗುಬಳೆಗೆ ಗ್ರೀಸ್ ಬೇರೆ. ಸ್ವಂತ ತೂಕದ ಪ್ರಶ್ನೆಯೂ ಇದೆ. ಎರಡನೆಯ ಅಚ್ಚು, ಚಕ್ರ, ಉದ್ದನೆಯ ಚಾಸಿ ಸೇರಿ ಟ್ರೇಲರ್ 600 ಕೆ.ಜಿ. ಹೆಚ್ಚು ತೂಗುತ್ತದೆ ಎಂದಿಟ್ಟುಕೊಂಡರೆ, ಖಾಲಿ ಬರುವಾಗಲೂ ಆ 600 ಕೆ.ಜಿ.ಗೆ ಡೀಸೆಲ್ ಸುಡಬೇಕು. ವರ್ಷದಲ್ಲಿ ಮೂರು ತಿಂಗಳು ಗೊಬ್ಬರ ಹೊಡೆದು, ಸುಗ್ಗಿಯಲ್ಲಿ ಮೂಟೆ ಸಾಗಿಸಿ, ಉಳಿದ ಕಾಲ ಟ್ರೇಲರನ್ನು ಹುಣಸೆ ಮರದ ಕೆಳಗೆ ನಿಲ್ಲಿಸುವ ಮನೆಗೆ ಈ ಹೆಚ್ಚುವರಿ ಬಂಡವಾಳ ಮರಳುವುದಿಲ್ಲ. ತಿಪ್ಪೆಗೊಬ್ಬರ, ಜಲ್ಲಿ, ಮಣ್ಣು ಸಾಗಿಸುವವರಿಗೆ ಟ್ರ್ಯಾಕ್ಟರ್‌ನ ಹೈಡ್ರಾಲಿಕ್‌ನಿಂದಲೇ ಎತ್ತಿ ಸುರಿಯುವ ಎರಡು ಚಕ್ರದ ಟಿಪ್ಪಿಂಗ್ ಟ್ರೇಲರ್ ಕೂಲಿಯನ್ನು ಉಳಿಸುತ್ತದೆ. ಸುರಿಯುವಾಗ ಭಾರ ಹಿಂದಕ್ಕೆ ಜಾರಿ ಕೊಕ್ಕೆ ಮೇಲೇಳಲು ನೋಡುವುದರಿಂದ ಕೊಕ್ಕೆಯ ಪಿನ್ನಿಗೆ ಚಿಲಕ ಬಿಗಿಯಾಗಿರಬೇಕು, ನೆಲ ಓರೆಯಾಗಿರಬಾರದು.

ಇಷ್ಟಾದರೂ ನಾಲ್ಕು ಚಕ್ರದ ಟ್ರೇಲರ್ ಪರವಾಗಿ ಒಂದು ಬಲವಾದ ವಾದವಿದೆ, ಅದು ಹೊರೆಯದಲ್ಲ, ಸಮಯದ್ದು. ತಿರುಗುಬಳೆಯ ಟ್ರೇಲರ್ ಟ್ರ್ಯಾಕ್ಟರ್‌ನಿಂದ ಕಳಚಿದ ಮೇಲೂ ತನ್ನ ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ತೋಟದಲ್ಲೋ ಗದ್ದೆಯ ಬದುವಿನಲ್ಲೋ ಬಿಟ್ಟು, ಕೂಲಿಗಳು ತುಂಬುತ್ತಿರುವಾಗಲೇ ಟ್ರ್ಯಾಕ್ಟರ್ ಇನ್ನೊಂದು ಟ್ರೇಲರ್ ಎಳೆದುಕೊಂಡು ಮಂಡಿಗೆ ಹೋಗಿಬರಬಹುದು. ಕೈಯಿಂದ ತುಂಬಲು ಎರಡು ಗಂಟೆ, ಹೋಗಿ ಇಳಿಸಿ ಬರಲು ಎರಡು ಗಂಟೆ ಹಿಡಿಯುವ ಕೆಲಸವೆಂದುಕೊಳ್ಳೋಣ. ಒಂದೇ ಟ್ರೇಲರ್ ಇದ್ದರೆ ಸುತ್ತೊಂದಕ್ಕೆ ನಾಲ್ಕು ಗಂಟೆ. ಹತ್ತು ಗಂಟೆಯ ದಿನದಲ್ಲಿ ಎರಡು ಸುತ್ತು ಮುಗಿದು ಮೂರನೆಯದು ಅರ್ಧಕ್ಕೆ ನಿಲ್ಲುತ್ತದೆ. ಎರಡು ಟ್ರೇಲರ್‌ಗಳಿದ್ದರೆ ಮೊದಲ ತುಂಬುವಿಕೆಯ ಎರಡು ಗಂಟೆ ಕಳೆದ ಬಳಿಕ ಪ್ರತಿ ಎರಡು ಗಂಟೆಗೊಂದು ಸುತ್ತು, ಒಟ್ಟು ನಾಲ್ಕು. ಕಟಾವು ತಡವಾದಷ್ಟೂ ತೂಕ ಇಳಿಯುವ ಕಬ್ಬಿಗೆ, ಮಂಡಿಯ ಹರಾಜಿನ ಹೊತ್ತಿಗೆ ತಲುಪಲೇಬೇಕಾದ ಮಾವಿಗೆ ಈ ವ್ಯತ್ಯಾಸ ನೇರವಾಗಿ ಹಣ. ಎರಡು ಚಕ್ರದ ಟ್ರೇಲರನ್ನೂ ಊರೆಗಾಲು ಕೊಟ್ಟು ನಿಲ್ಲಿಸಬಹುದು. ಆದರೆ ತುಂಬುವವರು ಹಿಂಬದಿಯಿಂದ ಮೊದಲು ಮಾಡಿದರೆ ಮೂಕಿ ಮೇಲೆದ್ದು ಟ್ರೇಲರ್ ಹಿಂದಕ್ಕೆ ಬೀಳುತ್ತದೆ. ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡದಿದ್ದರೆ ಎರಡೂ ಬಗೆಯವು ಹೊರಟೇಹೋಗುತ್ತವೆ.

ಈ ಕಾರಣದಿಂದ ಚನ್ನಪಟ್ಟಣದ ಬಯಲಿನಲ್ಲಿ, ಅದರಲ್ಲಿಯೂ ಮಂಡ್ಯದ ಸಕ್ಕರೆ ಕಾರ್ಖಾನೆಗಳ ಕಡೆಗೆ ಕಬ್ಬು ಅಥವಾ ಮಂಡಿಗಳಿಗೆ ತೆಂಗು ಸಾಗಿಸುವ ಬಾಡಿಗೆ ವ್ಯವಹಾರದವರಿಗೆ ತಿರುಗುಬಳೆಯ ನಾಲ್ಕು ಚಕ್ರದ್ದು ಹೊಂದುತ್ತದೆ. ಒಂದು ದೊಡ್ಡದಕ್ಕಿಂತ ಎರಡು ಮಧ್ಯಮ ಗಾತ್ರದವು ಮೇಲು. ಮಾಗಡಿ, ಕನಕಪುರ ಮತ್ತು ರಾಮನಗರದ ಬಂಡೆ ಸೀಮೆಯಲ್ಲಿ ಒಂದೇ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರಿಗೆ ಎರಡು ಚಕ್ರದ ಟಿಪ್ಪಿಂಗ್ ಟ್ರೇಲರ್‌ಗಿಂತ ಉತ್ತಮವಾದದ್ದು ಕಾಣುವುದಿಲ್ಲ. ಜೋಡಿ ಅಚ್ಚಿನದನ್ನು ಐವತ್ತು ಅಶ್ವಶಕ್ತಿಗೂ ಮೇಲಿನ ಭಾರಿ ಟ್ರ್ಯಾಕ್ಟರ್ ಉಳ್ಳವರು, ಕಲ್ಲು ಅಥವಾ ಇಟ್ಟಿಗೆಯನ್ನು ವರ್ಷವಿಡೀ ಸಾಗಿಸುವವರು ಯೋಚಿಸಬಹುದು. ಚನ್ನಪಟ್ಟಣದ ಬೊಂಬೆ ಕೈಗಾರಿಕೆಗೆ ಬರುವ ಹಾಲೆ ಮರದ ತುಂಡುಗಳಾಗಲಿ ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆ ಗೂಡಾಗಲಿ ಈ ಚರ್ಚೆಗೆ ಅಷ್ಟಾಗಿ ಸಿಗುವುದಿಲ್ಲ. ಹಗುರವಾದ ಗೂಡಿಗೆ ಸಣ್ಣ ಸರಕು ವಾಹನಗಳೇ ಸಾಕು.

ಕಾಗದಪತ್ರಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಕೃಷಿ ಟ್ರೇಲರ್‌ಗೆ ನೀಡುವ ವ್ಯಾಖ್ಯೆಯಲ್ಲಿ ಒಂದು ಅಚ್ಚಿನದೂ ಎರಡು ಅಚ್ಚಿನದೂ ಸೇರಿವೆ. ಮುಖ್ಯವಾಗಿ ಕೃಷಿ ಸಾಮಗ್ರಿಗಳ ಸಾಗಣೆಗೆ ಬಳಸುವಂತಿರಬೇಕು ಎಂಬುದೇ ಅಲ್ಲಿನ ಒತ್ತು. ಕೃಷಿ ಹೆಸರಿನಲ್ಲಿ ನೋಂದಾಯಿಸಿ ಬಾಡಿಗೆಗೆ ಜಲ್ಲಿ, ಎಂ-ಸ್ಯಾಂಡ್ ಹೊಡೆಯುವವರು ಅಪಘಾತವಾದ ದಿನ ವಿಮಾ ಸಂಸ್ಥೆಯ ಮುಂದೆ ನಿರುತ್ತರರಾಗಬೇಕಾದೀತು. ಮೋಟಾರು ವಾಹನ ಕಾಯ್ದೆಯಂತೆ ಟ್ರೇಲರ್‌ಗೆ ಪ್ರತ್ಯೇಕ ನೋಂದಣಿ ಬೇಕು. ಎಳೆಯುವ ಟ್ರ್ಯಾಕ್ಟರ್‌ನ ಸಂಖ್ಯೆಯೂ ಅದರ ಹಿಂಬದಿಯಲ್ಲಿ ಕಾಣಬೇಕು. ಚಾಲನಾ ಪರವಾನಗಿಯ ಬಗ್ಗೆ ಇದ್ದ ಒಂದು ಗೊಂದಲವನ್ನು ಸರ್ವೋಚ್ಚ ನ್ಯಾಯಾಲಯ 2001ರಲ್ಲಿಯೇ, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಬಗೆಹರಿಸಿದೆ: ಟ್ರ್ಯಾಕ್ಟರ್ ಓಡಿಸಲು ಸಿಂಧುವಾದ ಪರವಾನಗಿ, ಹಿಂದೆ ಸರಕಿನ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅಸಿಂಧುವಾಗುವುದಿಲ್ಲ.

ಅಧಿಕ ಭಾರದ ದಂಡ 2019ರ ತಿದ್ದುಪಡಿಯ ನಂತರ ಸಣ್ಣದಲ್ಲ. ಕಾಯ್ದೆಯ 194ನೆಯ ಪ್ರಕರಣದಂತೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕಕ್ಕಿಂತ ಮೂರು ಟನ್ ಮಿಗಿಲಾದರೆ 26,000 ರೂಪಾಯಿ, ಹೆಚ್ಚಿನ ಸರಕನ್ನು ಇಳಿಸುವ ಖರ್ಚು ಪ್ರತ್ಯೇಕ. ಕಬ್ಬಾಳಿನ ದೇವಸ್ಥಾನಕ್ಕೋ ಮದುವೆಗೋ ಟ್ರೇಲರ್ ತುಂಬ ಜನರನ್ನು ಕೂರಿಸಿಕೊಂಡು ಹೋಗುವುದರಲ್ಲಿ ದಂಡಕ್ಕಿಂತ ಪ್ರಾಣದ ಪ್ರಶ್ನೆ ದೊಡ್ಡದು. ಟ್ರೇಲರ್ ಸರಕಿನದು, ಪ್ರಯಾಣಿಕರದಲ್ಲ. ಅದರಲ್ಲಿ ಕೂತವರು ಚಲಿಸಿದಂತೆ ಭಾರದ ಕೇಂದ್ರವೂ ಚಲಿಸುತ್ತದೆ ಎಂಬುದನ್ನು ಮೇಲಿನ ಲೆಕ್ಕ ಓದಿದವರು ಊಹಿಸಿಕೊಳ್ಳಬಲ್ಲರು.

ತೆರಿಗೆಯ ಭಾರ ಈಚೆಗೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರ್‌ಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಬಂದಿತು. ತಾನೇ ಸರಕು ಇಳಿಸುವ ಕೃಷಿ ಟ್ರೇಲರ್‌ಗಳಿಗೂ ಅದೇ ಇಳಿಕೆ ದೊರೆತಿದೆ. ಸುರಿಯುವ ಸೌಲಭ್ಯವಿಲ್ಲದ ಟ್ರೇಲರ್ ಬೇರೆ ದರಕ್ಕೆ ಸೇರುತ್ತದೆ. ಬಿಲ್ಲಿನಲ್ಲಿ ಯಾವ ಬಗೆಯೆಂದು ಬರೆಯಲಾಗಿದೆ ಎಂಬುದನ್ನು ಹಣ ಕೊಡುವ ಮುನ್ನ ಓದಿಕೊಳ್ಳುವುದು ಲೇಸು.

ಟ್ರೇಲರ್ ಮನೆಗೆ ಬಂದ ಬಳಿಕ ಮೊದಲ ಹೊರೆಯನ್ನು ನೇರವಾಗಿ ಗಿರಾಕಿಯ ಬಳಿಗಲ್ಲ, ಹತ್ತಿರದ ವೇಬ್ರಿಡ್ಜ್‌ಗೆ ಒಯ್ಯಬೇಕು. ಬರಿಯ ಟ್ರ್ಯಾಕ್ಟರನ್ನು ಒಮ್ಮೆ ತೂಗಿ ಬರೆದಿಟ್ಟುಕೊಳ್ಳುವುದು. ಅನಂತರ ತುಂಬಿದ ಟ್ರೇಲರ್ ಕಟ್ಟಿದ ಸ್ಥಿತಿಯಲ್ಲಿ, ಟ್ರೇಲರ್‌ನ ಚಕ್ರಗಳು ಹೊರಗೆ ಉಳಿದು ಟ್ರ್ಯಾಕ್ಟರ್‌ನ ನಾಲ್ಕು ಚಕ್ರಗಳಷ್ಟೇ ವೇದಿಕೆಯ ಮೇಲಿರುವಂತೆ ನಿಲ್ಲಿಸಿ ತೂಗುವುದು. ಮೊದಲು 2,000 ಕೆ.ಜಿ. ಇದ್ದು ಈಗ 2,380 ಬಂದರೆ ಕೊಕ್ಕೆಭಾರ 380 ಕೆ.ಜಿ. ತೂಕ ಹೆಚ್ಚುವ ಬದಲು ಇಳಿದಿದ್ದರೆ ಹೊರೆ ಹಿಂಭಾರವಾಗಿದೆ, ಅಲ್ಲಿಯೇ ಮುಂದಕ್ಕೆ ಸರಿಸಬೇಕು. ಟ್ರ್ಯಾಕ್ಟರ್‌ನ ಮುಂದಿನ ಚಕ್ರಗಳನ್ನಷ್ಟೇ ವೇದಿಕೆಗೆ ತಂದು ಇನ್ನೊಮ್ಮೆ ತೂಗಿದರೆ ಚುಕ್ಕಾಣಿಗೆ ಎಷ್ಟು ಭಾರ ಉಳಿದಿದೆಯೆಂಬುದೂ ತಿಳಿಯುತ್ತದೆ. ಇಟ್ಟಿಗೆ, ಹುಲ್ಲು, ಮೂಟೆ, ಕಲ್ಲುಕಂಬ ಹೀಗೆ ಸರಕು ಬದಲಾದಾಗಲೆಲ್ಲ ಒಂದೊಂದು ಸಲ ತೂಗಿ, ಸರಿಬಂದ ಹೇರಿಕೆಗೆ ಪೆಟ್ಟಿಗೆಯ ಒಳಗೋಡೆಯ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಮುಂದಿನ ಬಾರಿ ತುಂಬುವ ಕೂಲಿಗಳಿಗೆ ಬೇರೆ ಹೇಳಬೇಕಾಗುವುದಿಲ್ಲ.